ನೀರು ದಾಟದ ಘಟ್ಟ

ಮಡಿಕೇರಿಯಿಂದ ಇಳಿದು ಬರುವ ಹೆದ್ದಾರಿಯು ಕೊಡಗಿನ ಎಲ್ಲೆಯನ್ನು ಮುಟ್ಟುವುದು ಸಂಪಾಜೆಯಲ್ಲಿ. ಇಲ್ಲಿನ ಹೊಳೆ ಪಯಸ್ವಿನಿ. ಅದು ಸುಳ್ಯವನ್ನು ಹಾದು ಕಾಸರಗೋಡಿನ ಬಳಿ ಪಡುಗಡಲನ್ನು ಸೇರುತ್ತದೆ. ಕಾವೇರಿಯಾದರೋ ಘಟ್ಟದ ಆಚೆಯ ಮಗ್ಗುಲಿನಿಂದ ಮೂಡಣಕ್ಕೆ ನಡೆದವಳು. ಆಕೆಯ ಒಂದು ಹನಿಯೂ ಈ ಊರಿಗೆ ಇಳಿಯುವುದಿಲ್ಲ. ಆದರೂ ಅಕ್ಟೋಬರ್ ನಡುವಿನಲ್ಲಿ ತುಲಾ ಸಂಕ್ರಮಣ ಬಂದಿತೆಂದರೆ ಈ ಕಡೆಯ ಜನರೂ ತಲಕಾವೇರಿಗೆ ಏರುತ್ತಾರೆ, ತೀರ್ಥವನ್ನು ಮನೆಗೆ ತರುತ್ತಾರೆ. ಅವರನ್ನು ಅಲ್ಲಿಗೆ ಕರೆದೊಯ್ಯುವುದು ಒಂದು ಕಥೆ.

ಕವೇರ ಮುನಿಯ ಸಾಕುಮಗಳು ಅಗಸ್ತ್ಯರನ್ನು ವರಿಸುವಾಗ, ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಕೂಡದೆಂದು ಮಾತು ಪಡೆದಿದ್ದಳು. ಒಂದು ದಿನ ಮುನಿಗಳು ಆಕೆಯನ್ನು ಕಮಂಡಲದಲ್ಲಿರಿಸಿ, ಶಿಷ್ಯರನ್ನು ಕಾವಲಿಗಿಟ್ಟು ಸ್ನಾನಕ್ಕೆ ತೆರಳಿದರು. ಆಕೆ ನೀರಾಗಿ ಹರಿದುಬಿಟ್ಟಳು. ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಳೆಯರ ಸೀರೆಯ ನೆರಿಗೆಗಳು ಆ ಸೆಳೆತಕ್ಕೆ ಬೆನ್ನಿಗೆ ಸರಿದುವಂತೆ. ಕೊಡವ ಸ್ತ್ರೀಯರು ಇಂದಿಗೂ ನೆರಿಗೆಯನ್ನು ಹಿಂದಕ್ಕೆ ಉಡುವುದಕ್ಕೆ ಹೇಳುವ ಕಾರಣ ಇದು. ದುಡಿಮೆಯ ಅನುಕೂಲಕ್ಕಾಗಿ ಹಾಗೆ ಉಟ್ಟರು, ಕಥೆ ಆಮೇಲೆ ಹುಟ್ಟಿತು ಎನ್ನುವವರು ಹಾಗೆಯೇ ಎನ್ನಲಿ.

ನಮ್ಮ ಮನಸ್ಸು ನಿಲ್ಲುವುದು ಬೇರೆಡೆ. ಇಲ್ಲಿ ತಪ್ಪಿದವರು ಪತಿ, ಅದರಲ್ಲಿಯೂ ಮಹರ್ಷಿ. ಹೆಂಡತಿಗೆ ಕೊಟ್ಟ ಮಾತು ಮುರಿಯಿತು, ಆಕೆ ಹೊರಟಳು. ಹಾಗೆ ಹೊರಟವಳನ್ನು ಈ ನಾಡು ದೂಷಿಸಲಿಲ್ಲ, ತೀರ್ಥವೆಂದು ಬೊಗಸೆಯೊಡ್ಡಿತು. ಕಣಿಪೂಜೆಯ ದಿನ ಕೊಡವರ ಮನೆಗಳಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ವಸ್ತ್ರವುಡಿಸಿ, ಒಡವೆ ತೊಡಿಸಿ, ಆಕೆಯನ್ನು ತವರಿಗೆ ಬಂದ ಮಗಳಂತೆ ಕೂರಿಸುತ್ತಾರೆ. ಮಕ್ಕಳಿಗೆ ಈ ಕಥೆ ಹೇಳುವಾಗ ನಾವು ಹಿರಿಯರು ಆ ಮುರಿದ ಮಾತಿನ ಭಾಗವನ್ನು ಬೇಗನೆ ದಾಟಿಸಿಬಿಡುತ್ತೇವೆಂಬ ಅನುಮಾನ ನಮಗುಂಟು.

ದೂರದ ನ್ಯೂಜಿಲೆಂಡಿನ ಮಾವೊರಿ ಜನರಲ್ಲಿಯೂ ಆಕಾಶ ತಂದೆ, ಭೂಮಿ ತಾಯಿ. ವಾಂಗನುಯಿ ನದಿ ಅದರ ತೀರದ ಕುಲಗಳಿಗೆ ಪೂರ್ವಜ. ಅವರ ಬಹುಕಾಲದ ಹೋರಾಟದ ಫಲವಾಗಿ 2017ರಲ್ಲಿ ಅಲ್ಲಿನ ಸಂಸತ್ತು ಆ ನದಿಗೆ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯ ಸ್ಥಾನವನ್ನಿತ್ತಿತು. ಅಜ್ಜಿಯ ಕಥೆ ಶಾಸನವಾಯಿತು. ಅದೇ ವರ್ಷ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಗಂಗೆ ಯಮುನೆಯರಿಗೂ ಇಂಥ ಸ್ಥಾನವಿತ್ತಿತ್ತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು.

ಕೊಡಗಿನಲ್ಲಿಯೂ ಸುಮಾರು 1,200 ದೇವರಕಾಡುಗಳಿವೆ. ಕೊಡಲಿಯನ್ನು ಅಲ್ಲಿಂದ ದೂರವಿಟ್ಟದ್ದು ದೈವದ ಭಯ, ಭಯವನ್ನು ಉಳಿಸಿದ್ದು ಕಥೆ. ಭಯ ಕುಗ್ಗಿದಂತೆ ಕಾಡೂ ಕುಗ್ಗಿತು. 2018ರ ಆಗಸ್ಟ್ ಮಳೆಯಲ್ಲಿ ಸಂಪಾಜೆಯ ಮೇಲಣ ಜೋಡುಪಾಲದಲ್ಲಿ ಗುಡ್ಡ ಜಾರಿ ಜೀವಗಳು ಹೋದುವು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯೇ ಕುಸಿದು, ತಲಕಾವೇರಿಯ ಅರ್ಚಕರ ಮನೆ ಮಣ್ಣುಪಾಲಾಯಿತು. ಬೆಟ್ಟವನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವ ಕಥೆಗೂ ಇಲ್ಲ. ಆದರೆ ಮಗಳೆಂದು ಒಡವೆ ತೊಡಿಸುವವರಿಗೆ, ಆಕೆಯ ತವರಿನ ಮಣ್ಣು ಜಾರುವಾಗ ಬೇರೆಯವರಂತೆ ನಿಂತು ನೋಡಲಾಗದು.

ಪಯಸ್ವಿನಿಗೂ ತನ್ನದೊಂದು ಕಥೆ ಇದ್ದೀತು. ಸಂಪಾಜೆ, ಸುಳ್ಯದ ಕಡೆಯ ಓದುಗ ಬಂಧುಗಳು ಮನೆಯ ಹಿರಿಯರನ್ನು ಕೇಳಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.