ಆರೋಗ್ಯ ಅಂಗಳ: ಬ್ಯಾಡ್ಜು ಎದೆಯ ಮೇಲಿರಲಿ

ಹೋದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುತ್ತಿದ್ದಾಗ ಹಿರಿಯ ಸದಸ್ಯೆಯೊಬ್ಬರು ಹತ್ತಿರ ಬಂದರು. "ಡಾಕ್ಟ್ರೇ, ಮೊಮ್ಮಗಳಿಗೆ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಆ ಕಿರಣ ತಗುಲಿದರೆ ಮಕ್ಕಳಾಗುವುದಿಲ್ಲ, ಕ್ಯಾನ್ಸರ್ ಬರುತ್ತದೆ ಅಂತಾರೆ. ಕೆಲಸ ಬಿಡಿಸಲೇ?" ಎಂದು ಕೇಳಿದರು. ನಮ್ಮ ಅನೇಕ ಮನೆಗಳ ಮಕ್ಕಳು ಇದೇ ವೃತ್ತಿಯಲ್ಲಿರುವುದರಿಂದ ಉತ್ತರವನ್ನು ಎಲ್ಲರಿಗೂ ಹೇಳುತ್ತಿದ್ದೇನೆ.

ಭಯಕ್ಕೆ ಕಾರಣವಿಲ್ಲದಿಲ್ಲ. 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದಾಗ ಅದರ ಅಪಾಯ ಯಾರಿಗೂ ತಿಳಿದಿರಲಿಲ್ಲ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಗಳನ್ನೇ ಕಿರಣಕ್ಕೆ ಒಡ್ಡಿ ಪ್ರಯೋಗ ಮಾಡುತ್ತಿದ್ದ. ಮೊದಲು ಕೈಗಳನ್ನು ಕಳೆದುಕೊಂಡ, 1904ರಲ್ಲಿ ಪ್ರಾಣವನ್ನೇ ಕಳೆದುಕೊಂಡ. ಹೀಗೆ ಬಲಿಯಾದವರಿಗಾಗಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1936ರಲ್ಲಿ ಸ್ಮಾರಕವನ್ನೇ ನಿಲ್ಲಿಸಿದರು.

ಇಂದು ಅಷ್ಟು ಪ್ರಮಾಣದ ಕಿರಣ ಯಾರಿಗೂ ತಗಲುವುದಿಲ್ಲ. ಈಗಿನ ಪ್ರಶ್ನೆ, ದಿನವೂ ತಗಲುವ ಅತ್ಯಲ್ಪ ಪ್ರಮಾಣದ್ದು. ಕಿರಣ ಜೀವಕೋಶದ ಡಿ.ಎನ್.ಎ.ಗೆ ಪೆಟ್ಟು ಕೊಡುತ್ತದೆ. ಕೋಶ ಬಹುಪಾಲು ಅದನ್ನು ಸರಿಪಡಿಸಿಕೊಳ್ಳುತ್ತದೆ. ಎಲ್ಲೋ ಒಮ್ಮೆ ದುರಸ್ತಿ ತಪ್ಪಿದರೆ, ಎಷ್ಟೋ ವರ್ಷಗಳ ನಂತರ ಅದು ಕ್ಯಾನ್ಸರ್ ಆಗಬಹುದು. ನೋವಿಲ್ಲ, ಸುಟ್ಟ ಗುರುತಿಲ್ಲ. ಮೈಗೆ ಸೇರಿದ ಒಟ್ಟು ಪ್ರಮಾಣ ಏರಿದಂತೆ ಸಂಭವವೂ ಏರುತ್ತದೆ.

ಅಮೆರಿಕದಲ್ಲಿ 1982ರಿಂದ ಲಕ್ಷಕ್ಕೂ ಹೆಚ್ಚು ಎಕ್ಸ್-ರೇ ಟೆಕ್ನೀಶಿಯನ್ನರ ಆರೋಗ್ಯವನ್ನು ಗಮನಿಸುತ್ತ ಬಂದಿದ್ದಾರೆ. 1950ಕ್ಕೆ ಮೊದಲು ದುಡಿದವರಲ್ಲಿ ರಕ್ತದ ಕ್ಯಾನ್ಸರಿನಿಂದ, ಇನ್ನೂ ಹಿಂದೆ ಸೇರಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಹೆಚ್ಚಿತ್ತು. ರಕ್ಷಣೆ ಸುಧಾರಿಸಿದ ಮೇಲೆ ಸೇರಿದವರಲ್ಲಿ ಅಪಾಯ ಕುಗ್ಗಿತು. ಆದರೆ ಆಂಜಿಯೋಗ್ರಫಿ ನಡೆಯುವ ಕ್ಯಾಥ್‌ಲ್ಯಾಬ್‌ನ ಮಾತು ಬೇರೆ. ಅಲ್ಲಿ ರೋಗಿಯ ಮೈಯಿಂದ ಚದುರಿದ ಕಿರಣ ಪಕ್ಕದಲ್ಲೇ ನಿಂತ ವೈದ್ಯ, ನರ್ಸುಗಳ ಕಣ್ಣಿಗೆ ತಗಲಿ ಬೇಗ ಪೊರೆ ಬರಬಹುದು. ಅವರಿಗೆ ಸೀಸದ ಕನ್ನಡಕ ಅಗತ್ಯ.

ನಮ್ಮ ದೇಶದಲ್ಲಿ ಮಿತಿ ನಿಗದಿಪಡಿಸುವುದು ಮುಂಬಯಿಯಲ್ಲಿರುವ, 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ನೆಲ, ಗಾಳಿ, ಆಕಾಶದಿಂದಲೇ ನಮಗೆಲ್ಲ ವರ್ಷಕ್ಕೆ ಸರಾಸರಿ 2.4ರಷ್ಟು ಸಿಗುತ್ತದೆ. ಬಂಜೆತನ ತರಲು ಬೇಕಾದ ಪ್ರಮಾಣ ಈ ಮಿತಿಗಿಂತ ನೂರಾರು ಪಟ್ಟು ಹೆಚ್ಚು; ಆ ಭಯ ಬಿಡಿ. ಆದರೆ ಗರ್ಭಿಣಿಯಾದರೆ ಕೂಡಲೇ ಮೇಲಧಿಕಾರಿಗೆ ತಿಳಿಸಬೇಕು. ಅನಂತರ ಮಗುವಿಗೆ ತಗಲುವ ಪ್ರಮಾಣ 1 ಮಿಲಿಸೀವರ್ಟ್ ಮೀರಬಾರದೆಂಬ ನಿಯಮವಿದೆ.

ಇದನ್ನೆಲ್ಲ ಅಳೆಯುವುದು ಟಿ.ಎಲ್.ಡಿ. ಎಂಬ ಪುಟ್ಟ ಬ್ಯಾಡ್ಜು. ಏಪ್ರನ್ನಿನ ಒಳಗೆ, ಎದೆಯ ಮೇಲೆ ಧರಿಸಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಓದಿ ವರದಿ ಕೊಡುತ್ತಾರೆ. ದುಃಖದ ಸಂಗತಿಯೆಂದರೆ, ಎಷ್ಟೋ ಕಡೆ ಅದು ಮೇಜಿನ ಡ್ರಾಯರಿನಲ್ಲಿ ಮಲಗಿರುತ್ತದೆ. ಕೆಲವರಿಗೆ ಮರೆವು, ಕೆಲವರಿಗೆ ಅಂಕಿ ಹೆಚ್ಚಾದರೆ ಡ್ಯೂಟಿ ತಪ್ಪೀತೆಂಬ ಅಂಜಿಕೆ. ಡ್ರಾಯರಿನಲ್ಲಿದ್ದ ಬ್ಯಾಡ್ಜು ಸೊನ್ನೆ ತೋರಿಸುತ್ತದೆ. ಮೈ ಮಾತ್ರ ತನ್ನ ಲೆಕ್ಕ ಬರೆದುಕೊಳ್ಳುತ್ತಲೇ ಇರುತ್ತದೆ. ಇಪ್ಪತ್ತು ವರ್ಷಗಳ ನಂತರ ಕಾಯಿಲೆ ಬಂದರೆ ಆ ಸೊನ್ನೆಯೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ.

ಇನ್ನೆರಡು ಮಾತು. ಕಿರಣದ ಮೂಲದಿಂದ ಒಂದು ಮೀಟರ್ ಬದಲು ಎರಡು ಮೀಟರ್ ದೂರ ನಿಂತರೆ ತಗಲುವುದು ಕಾಲು ಭಾಗ ಮಾತ್ರ. ಸೀಸದ ಏಪ್ರನ್ ಮಡಚಿಟ್ಟರೆ ಒಳಗೆ ಬಿರುಕು ಬಿಡುತ್ತದೆ, ತೂಗುಹಾಕಬೇಕು.

ಆ ಅಜ್ಜಿಗೆ ಹೇಳಿದ್ದಿಷ್ಟೇ: "ಕೆಲಸ ಬಿಡಿಸಬೇಡಿ, ಅಮ್ಮಾ. ಮೂರು ತಿಂಗಳಿಗೊಮ್ಮೆ ಮೊಮ್ಮಗಳನ್ನು ಕೇಳಿ, ವರದಿ ನೋಡಿದೆಯಾ ಅಂತ." ನಿಮ್ಮ ಮನೆಯಲ್ಲೂ ಅಂಥ ಮಕ್ಕಳಿದ್ದರೆ ಇಂದೇ ಕೇಳಿ.