ಬಿಲ್ಲೂ ಸ್ವದೇಶಿಯಾಗಲಿ

ಬಿಲ್ಲು ಹಿಡಿದು ಬೇಟೆಗೆ ಹೊರಡುವ ಕಾಲವು ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಪ್ರಯತ್ನವನ್ನೂ ಬೇಟೆಯೆಂದೇ ಎಣಿಸುವುದು. ನ್ಯಾಯವಾದಿಗಳಾದ ನಮಗೆ ಅದು ಸಮ್ಮತವೇ. ಕೊಡಗಿನವರೂ ಕೈಲ್ ಮುಹೂರ್ತದಲ್ಲಿ ಆಯುಧಗಳನ್ನು ಪೂಜಿಸಿ, ಈಗ ತೆಂಗಿನಕಾಯಿಗೆ ಗುರಿಯಿಡುತ್ತಾರೆ.

ಆಯುಧಪೂಜೆಯು ಸಮೀಪಿಸಿರಲು, ಬಸವನಗುಡಿ ಮಲ್ಲೇಶ್ವರಗಳ ತರುಣರು ಗುರಿಹಲಗೆಯ ಮುಂದೆ ನಿಲ್ಲಲು ಹೊಸ ಬಿಲ್ಲನ್ನು ಅರಸುತ್ತಿರುವರು. ಸಂತೋಷವೇ. ಆದರೆ ಅದು ಪರದೇಶದ್ದೇ ಆಗಬೇಕೆಂಬ ಹಟವೇಕೆ? 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದೆ, ಆಯುಧ ಕೊಡೆವೆಂದು ಹೋರಾಡಿದರು, ಹಲವರು ಗಲ್ಲಿಗೇರಿದರು. ಆ ನಾಡಿನವರು ನಾವು.

ಒಲಿಂಪಿಕ್ ಪಂದ್ಯಕ್ಕೆ ಸಿದ್ಧನಾಗುವವನ ಮಾತು ಬೇರೆ. ಅವನಿಗೆ ಬಿದಿರ ಬಿಲ್ಲು ಸಾಲದು. ಉಳಿದವರಿಗೆ ನಮ್ಮ ರಾಷ್ಟ್ರೀಯ ಪಂದ್ಯಗಳಲ್ಲಿ ಬಿದಿರ ಬಿಲ್ಲಿಗೆಂದೇ ಒಂದು ವಿಭಾಗವಿರುವುದು. ಬಿದಿರು ಬಲಿತದ್ದೇ, ನೆರಳಿನಲ್ಲಿ ಒಣಗಿತೇ, ಗೆಣ್ಣಿನಲ್ಲಿ ಸೀಳಿಲ್ಲವೇ, ಹೆದೆಯೆಳೆದಾಗ ಎರಡು ತುದಿಗಳೂ ಸಮವಾಗಿ ಬಾಗುವುವೇ ಎಂದು ನೋಡಿ ಕೊಳ್ಳಿರಿ. ಹಸಿ ಬಿದಿರನ್ನು ಮಾರುವವನು ಸ್ವದೇಶಿಯೆಂದ ಮಾತ್ರಕ್ಕೆ ನಾವು ಅವನನ್ನು ಸಮರ್ಥಿಸೆವು. ಆದರೆ ಮೊರ ಬುಟ್ಟಿಗಳಿಂದಲೇ ಬದುಕುವ ನಮ್ಮ ಮೇದರಿಗೆ ಬಿಲ್ಲಿನ ಕೆಲಸವನ್ನು ಯಾರೂ ಹೇಳದಿದ್ದರೆ ಅವರ ಕೈ ಅದರಲ್ಲಿ ಪಳಗುವುದಾದರೂ ಹೇಗೆ?