ಉಬ್ಬಸ ಮುದುಕರ ಕಾಯಿಲೆ ಮಾತ್ರ ಅಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇಪ್ಪತ್ತು-ಮೂವತ್ತರ ಹುಡುಗರು ದಮ್ಮು ಕಟ್ಟಿ ಕೆಮ್ಮಿದರೆ ‘ಶೀತ’ ಅಂತ ಕಷಾಯ ಕೊಟ್ಟು ಸುಮ್ಮನಾಗುತ್ತೇವೆ. ಇದು ಸರಿಯಲ್ಲ. ಚಿಕ್ಕಂದಿನಲ್ಲಿ ಇಲ್ಲದ ಉಬ್ಬಸ (ಅಸ್ತಮಾ) ಪ್ರಾಯದಲ್ಲೂ ಶುರುವಾಗುತ್ತದೆ.

ಐಸಿಎಂಆರ್ ಮಾಡಿಸಿದ, 2012ರಲ್ಲಿ ಪ್ರಕಟವಾದ ದೇಶಮಟ್ಟದ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ನೂರು ಜನರಲ್ಲಿ ಇಬ್ಬರಿಗೆ ಅಸ್ತಮಾ ಇತ್ತು. ವಯಸ್ಸಾದಂತೆ ಹೆಚ್ಚು ಹೌದು. ಆದರೆ ಬೀಡಿ-ಸಿಗರೇಟು, ಪಕ್ಕದವರು ಸೇದಿದ ಹೊಗೆ, ಸೌದೆ ಒಲೆ, ಮನೆತನದಲ್ಲಿ ಕಾಯಿಲೆ ಇದ್ದಲ್ಲೂ ಹೆಚ್ಚು.

ಇನ್ನೊಂದು ಕಾರಣ ಮಾಡುವ ಕೆಲಸ. ನಮ್ಮಂಥ ಖುಷ್ಕಿಯವರ ಮಕ್ಕಳು ಕೂಲಿಗೆ ಹೋಗಿ ಒಕ್ಕಣೆ ಮೆಷಿನ್ ಹತ್ತಿರ, ಚಾಲಿ ಸುಲಿಯುವಲ್ಲಿ, ಅಡಿಕೆ ಬೇಯಿಸುವ ಒಲೆ ಮುಂದೆ ದಿನವಿಡೀ ಇರುತ್ತಾರೆ. ಧೂಳು, ಬೂಷ್ಟು, ಹೊಗೆ ಎಲ್ಲ ಎದೆಯೊಳಗೇ ಹೋಗುತ್ತದೆ. ಕೆಲಸದ ದಿನ ಜಾಸ್ತಿಯಾಗಿ, ನಾಲ್ಕು ದಿನ ನೆಂಟರ ಮನೆಗೆ ಹೋದಾಗ ಕಡಿಮೆಯಾದರೆ ಅನುಮಾನ ಪಡಿ. ಡಾಕ್ಟರ ಹತ್ತಿರ ಹೋದಾಗ ಮಾಡುವ ಕೆಲಸ ಏನು ಅಂತಲೂ ಹೇಳಿ. ಇನ್‌ಹೇಲರ್ ತಗೊಂಡರೆ ಚಟ ಆಗುತ್ತದೆ ಅನ್ನೋದು ಸುಳ್ಳು, ಹೇಳಿದಷ್ಟು ದಿನ ಬಿಡದೆ ತಗೋಬೇಕು.

ತೋಟದ ಯಜಮಾನರಿಗೂ ಒಂದು ಮಾತು. ಕೂಲಿಯವರಿಗೆ ಊಟ, ಚಾ ಕೊಡುತ್ತೀರಿ. ಹಾಗೆಯೇ ಒಳ್ಳೆ ಮಾಸ್ಕ್ ಕೊಡಿ, ಬೇಯಿಸುವ ಒಲೆಗೆ ಹೊಗೆಕೊಳವೆ ಹಾಕಿಸಿ. ಆಸ್ಪತ್ರೆ ಖರ್ಚಿಗಿಂತ ಅದು ಅಗ್ಗ.